ಒಂಬತ್ತನೆಯ ಥರದ ಮಗು

ಗೋಕುಲಾಷ್ಟಮಿಯ ಮರುದಿನ ದಾದರ್, ವರಳಿ, ಘಾಟ್‌ಕೋಪರ್‌ಗಳಿಂದ ಹಿಡಿದು ಠಾಣೆಯವರೆಗೂ ರಸ್ತೆರಸ್ತೆಯಲ್ಲಿ ದಹಿ ಹಂಡಿ ಕಟ್ಟುತ್ತಾರೆ. ನೋಡುವವರ ಕಣ್ಣೆಲ್ಲ ಮೇಲೆ ತೂಗುವ ಗಡಿಗೆಯ ಮೇಲಿದ್ದರೂ ಆಟದ ಗುಟ್ಟು ಇರುವುದು ತೂಕದಲ್ಲಿ. ತಳದಲ್ಲಿ ಗಟ್ಟಿಮುಟ್ಟಾದ ಆಳುಗಳು ಒಬ್ಬರನ್ನೊಬ್ಬರು ಒತ್ತಿಕೊಂಡು ಸುತ್ತುಸುತ್ತಾಗಿ ನಿಲ್ಲುತ್ತಾರೆ. ಅವರ ಹೆಗಲ ಮೇಲೆ ಎರಡನೆಯ ಸಾಲು, ಅದರ ಮೇಲೆ ಮೂರನೆಯದು. ಒಂದೊಂದು ಸಾಲಿಗೂ ಇಲ್ಲಿ ಥರ ಎನ್ನುತ್ತಾರೆ. ಮೇಲೇರಿದಷ್ಟೂ ಜನ ಕಡಿಮೆ, ಮೈ ಸಪೂರ. ತುದಿಗೆ ಹೋಗಬೇಕಾದವನು ಕೆಳಗಿನವರ ತೊಡೆ, ಸೊಂಟಕ್ಕೆ ಬಿಗಿದ ಬಟ್ಟೆ, ಹೆಗಲು ಇವುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾನೆ. ಅವನ ಬರಿಗಾಲು ಒಬ್ಬರ ಹೆಗಲ ಮೇಲೆ ಊರುವುದು ಒಂದೆರಡು ಗಳಿಗೆಯಷ್ಟೇ. ಆದರೆ ಆ ಗಳಿಗೆಯಲ್ಲಿ ಕೆಳಗಿನ ಥರಗಳೆಲ್ಲವೂ ಅವನ ಭಾರವನ್ನು ಹೊರಬೇಕು. 25 ಕಿಲೋ ತೂಗುವ ಮಗುವಿನ ಬದಲು 55 ಕಿಲೋದ ತರುಣ ಹತ್ತಿದರೆ ನಡುವಿನ ಥರದವನ ಮೊಣಕಾಲು ನಡುಗುತ್ತದೆ. ಹಾಗಾಗಿ ಏಳು, ಎಂಟು, ಒಂಬತ್ತು ಥರ ಕಟ್ಟುವ ತಂಡಕ್ಕೆ ಮಗು ಬೇಕೇ ಬೇಕು. ಬಾಲಕೃಷ್ಣನ ಹೆಸರು ಹೇಳುವುದು ವೇದಿಕೆಯ ಮೈಕಿನಲ್ಲಿ ಮಾತ್ರ. ಅಭ್ಯಾಸದ ಅಂಗಳದಲ್ಲಿ ಹುಡುಕುವುದು ಹಗುರ ಮೈಯನ್ನು.

ಈ ಹಗುರ ಮೈಗೆ ಎಷ್ಟು ವಯಸ್ಸಾಗಿರಬೇಕು ಎನ್ನುವ ಪ್ರಶ್ನೆ ಮೂರು ವರ್ಷಗಳಲ್ಲಿ ಮುಂಬಯಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ನಡುವೆ ಓಡಾಡಿತು. ಸಾಮಾಜಿಕ ಕಾರ್ಯಕರ್ತೆ ಸ್ವಾತಿ ಪಾಟೀಲ್ ಸಲ್ಲಿಸಿದ ಅರ್ಜಿಯ ಮೇಲೆ 2014ರ ಆಗಸ್ಟ್‌ನಲ್ಲಿ ಹೈಕೋರ್ಟ್, 18 ತುಂಬದವರು ಗೋಪುರ ಹತ್ತಕೂಡದು, ಗೋಪುರ 20 ಅಡಿ ಮೀರಕೂಡದು ಎಂದು ಆದೇಶಿಸಿತು. ಹಬ್ಬಕ್ಕೆ ಕೆಲವೇ ದಿನಗಳಿದ್ದವು. ಹಂಡಿ ನಡೆಸುವ ಮಂಡಲಗಳು ದಿಲ್ಲಿಗೆ ಧಾವಿಸಿದವು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2016ರ ಆಗಸ್ಟ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ 18 ವರ್ಷ ಮತ್ತು 20 ಅಡಿಯ ಮಿತಿಯನ್ನು ಎತ್ತಿಹಿಡಿಯಿತು, ಸಡಿಲಿಸಬೇಕೆಂಬ ಮಂಡಲವೊಂದರ ಕೋರಿಕೆಯನ್ನೂ ಒಪ್ಪಲಿಲ್ಲ. ಆ ವರ್ಷ ಠಾಣೆಯಲ್ಲಿ 20 ಅಡಿಯ ಮಿತಿಯನ್ನು ಬೇಕೆಂದೇ ಮೀರಿ ಹಂಡಿ ಕಟ್ಟಿದರು. ದಾದರ್‌ನಲ್ಲಿ ಏಣಿ ಹಾಕಿ ಗಡಿಗೆ ಒಡೆದು ಕೋರ್ಟಿನ ಮೇಲಿನ ಸಿಟ್ಟು ತೋರಿಸಿದರು. ಮರುವರ್ಷ ಸುಪ್ರೀಂ ಕೋರ್ಟ್ ವಿಷಯವನ್ನು ಹೈಕೋರ್ಟಿಗೇ ಮರಳಿಸಿತು. 14 ವರ್ಷದೊಳಗಿನವರನ್ನು ಬಿಡುವುದಿಲ್ಲ ಎಂದು ರಾಜ್ಯ ಸರ್ಕಾರ ಕೊಟ್ಟ ಮಾತನ್ನು ಹೈಕೋರ್ಟ್ ದಾಖಲಿಸಿಕೊಂಡು, ಎತ್ತರಕ್ಕೆ ಮಿತಿ ಹಾಕುವುದು ಶಾಸನಸಭೆಯ ಕೆಲಸ ಎಂದು ಬಿಟ್ಟುಕೊಟ್ಟಿತು. ಹೀಗೆ 18 ಇದ್ದದ್ದು 14 ಆಯಿತು. 20 ಅಡಿ ಇದ್ದದ್ದು ಆಕಾಶವೇ ಮಿತಿ ಎಂದಾಯಿತು.

14 ಎಂಬ ಅಂಕಿ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯದು. ಆ ಕಾಯ್ದೆಯ ಲೆಕ್ಕದಲ್ಲಿ 14ರೊಳಗಿನವರು ಮಕ್ಕಳು, 14ರಿಂದ 18ರವರೆಗಿನವರು ಕಿಶೋರರು. ಮಕ್ಕಳಿಗೆ ದುಡಿಮೆಯೇ ಕೂಡದು, ಕಿಶೋರರಿಗೆ ಅಪಾಯದ ದುಡಿಮೆ ಕೂಡದು. ಕೇಳಲು ಚೆನ್ನಾಗಿದೆ. ಆದರೆ ಮೊದಲು 18 ಉದ್ಯೋಗ, 65 ಪ್ರಕ್ರಿಯೆಗಳಿದ್ದ ಅಪಾಯದ ಪಟ್ಟಿಯನ್ನು ಅದೇ ತಿದ್ದುಪಡಿ ಮೂರಕ್ಕೆ ಇಳಿಸಿತು: ಗಣಿ, ಬೆಂಕಿ ಹೊತ್ತುವ ಹಾಗೂ ಸಿಡಿಯುವ ವಸ್ತುಗಳು, ಕಾರ್ಖಾನೆ ಕಾಯ್ದೆ ಅಪಾಯಕಾರಿ ಎಂದು ಹೆಸರಿಸಿದ ಪ್ರಕ್ರಿಯೆಗಳು. ನಲವತ್ತಡಿ ಮೇಲೆ ಮನುಷ್ಯರ ಹೆಗಲ ಮೇಲೆ ನಿಲ್ಲುವುದು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಮನರಂಜನೆ ಮತ್ತು ಕ್ರೀಡೆಗಳಲ್ಲಿ ಮಕ್ಕಳು ಕಲಾವಿದರಾಗಿ ಭಾಗವಹಿಸಬಹುದು ಎಂದು ವಿನಾಯಿತಿ ಕೊಟ್ಟ ಕಾಯ್ದೆ ಸರ್ಕಸ್ಸನ್ನು ಮಾತ್ರ ಹೆಸರು ಹಿಡಿದು ಹೊರಗಿಟ್ಟಿದೆ. ಕೆಳಗೆ ಬಲೆ ಕಟ್ಟಿರುವ ಡೇರೆಯೊಳಗೆ ಮಗು ಕೂಡದು. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ದಹಿ ಹಂಡಿಗೆ ಸಾಹಸ ಕ್ರೀಡೆಯ ಸ್ಥಾನ ಘೋಷಿಸಿತು. ಕ್ರೀಡೆ ಎಂದ ಮೇಲೆ ಆ ವಿನಾಯಿತಿಯ ಮಾತು ಎತ್ತಬಹುದು, ಆದರೆ ಅಲ್ಲಿ ಕೆಳಗಿರುವುದು ಡಾಂಬರು ರಸ್ತೆ.

ಕಾನೂನಿನಲ್ಲಿರುವ ವಯೋಮಿತಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮತದಾನಕ್ಕೆ, ವಾಹನ ಓಡಿಸುವುದಕ್ಕೆ, ಮದುವೆಗೆ ಹಾಕಿದ ಮಿತಿಗಳು ಆ ವ್ಯಕ್ತಿಗೆ ಆ ಕೆಲಸದ ಅರಿವು, ಅಳವು ಬಂದಿದೆಯೇ ಎಂದು ಕೇಳುತ್ತವೆ. ಅಲ್ಲಿ ವಾದಕ್ಕೆ ಜಾಗವಿದೆ: ಹದಿನೇಳರ ಹುಡುಗಿಯೊಬ್ಬಳು ನಲವತ್ತರ ಗಂಡಸಿಗಿಂತ ವಿವೇಕದಿಂದ ಮತ ಹಾಕಬಲ್ಲಳು. ಆದರೆ ಇನ್ನೊಂದು ಬಗೆಯ ಮಿತಿಗಳಿವೆ. ಅಲ್ಲಿ ದೊಡ್ಡವರಿಗೆ ಬೇಕಾಗಿರುವುದೇ ಮಗುವಿನ ಮಗುತನ: ಅದರ ಕಡಿಮೆ ತೂಕ, ಸಣ್ಣ ಕೈ, ಅಗ್ಗದ ಕೂಲಿ, ಎದುರಾಡದ ನಾಲಿಗೆ, ಕ್ಯಾಮೆರಾದ ಮುಂದಿನ ಮುದ್ದು ಮುಖ. ಇಂಥ ಕಡೆ ‘ಮಗುವಿಗೆ ಅದು ಸಾಧ್ಯವೇ?’ ಎಂದು ಕೇಳಿ ಪ್ರಯೋಜನವಿಲ್ಲ. ಸಾಧ್ಯವಿರುವುದರಿಂದಲೇ ಅದನ್ನು ಅಲ್ಲಿಗೆ ಹತ್ತಿಸಿದ್ದಾರೆ. ಗೋಪುರದ ತುದಿಯ ಹುಡುಗ ನುರಿತವನು, ಧೈರ್ಯವಂತ, ಬಹುಪಾಲು ದೊಡ್ಡವರಿಗಿಂತ ಚುರುಕು. ಅವನ ಸಾಮರ್ಥ್ಯವನ್ನು ಯಾರೂ ಅನುಮಾನಿಸಿಲ್ಲ. ಅವನ ಚಿಕ್ಕತನಕ್ಕೆ ಬೆಲೆ ಕಟ್ಟಿರುವವರು ಯಾರು, ಬಿದ್ದರೆ ನಷ್ಟ ಯಾರದು, ಗೆದ್ದರೆ ಲಾಭ ಯಾರದು ಎನ್ನುವುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಈ ಎರಡನೆಯ ಬಗೆಯ ವಯೋಮಿತಿ ದೊಡ್ಡವರ ಕೈಗೆ ಹಾಕಿದ ಕಟ್ಟು. ಅದನ್ನು ಹಾಗೆ ಬರೆದಾಗ ಅದು ಕೆಲಸ ಮಾಡಿದೆ; ಮಗುವಿಗೆ ಹಾಕಿದ ಬೇಲಿಯ ಹಾಗೆ ಬರೆದಾಗ ಸೋತಿದೆ. ಮುಂಬಯಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು, ಅದರ ಬೇರು ಈ ನಗರದ ಹತ್ತಿ ಗಿರಣಿಗಳಲ್ಲಿದೆ. ನೂಲುವ ಯಂತ್ರದಲ್ಲಿ ತುಂಬಿದ ಕದಿರುಗಳನ್ನು ತೆಗೆದು ಖಾಲಿಯವನ್ನು ಸಿಕ್ಕಿಸಲು ಕುಳ್ಳಗಿನ, ಚುರುಕು ಬೆರಳಿನ ಹುಡುಗರು ಬೇಕಾಗಿದ್ದರು. ಆ ಕೆಲಸಕ್ಕೆ ದೊಡ್ಡವರಿಗಿಂತ ಅವರೇ ಸರಿ ಎಂಬುದು ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. 1875ರಲ್ಲಿ ಮುಂಬಯಿ ಸರ್ಕಾರ ಆಯೋಗವೊಂದನ್ನು ನೇಮಿಸಿತು; ಅದರಿಂದ ಕಾಯ್ದೆಯೇನೂ ಬರಲಿಲ್ಲ. ಪಾರ್ಸಿ ಸುಧಾರಕ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ತಾವೇ ಮಸೂದೆ ಸಿದ್ಧಪಡಿಸಿ ಕೊಟ್ಟರೂ ಅದು ಮುಂದೆ ಸಾಗಲಿಲ್ಲ. ಕಡೆಗೆ ಬಂದ ಕಾಯ್ದೆ ಏಳು ವರ್ಷದೊಳಗಿನವರನ್ನು ಗಿರಣಿಯಿಂದ ಹೊರಗಿಟ್ಟಿತು, ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಏಳು ವರ್ಷ, ಒಂಬತ್ತು ಗಂಟೆ! ಇಂದು ಓದಿದರೆ ಮೈ ಜುಮ್ಮೆನ್ನುವ ಈ ಅಂಕಿಗಳನ್ನು ಆಗ ಉದ್ಯಮದ ಮೇಲಿನ ದೊಡ್ಡ ದಾಳಿ ಎಂದು ಬಣ್ಣಿಸಿದವರಿದ್ದರು. ಮಿತಿ 1891ರಲ್ಲಿ ಒಂಬತ್ತಕ್ಕೆ, 1922ರಲ್ಲಿ ಹನ್ನೆರಡಕ್ಕೆ, 1948ರಲ್ಲಿ ಹದಿನಾಲ್ಕಕ್ಕೆ ಏರಿತು. ಮಕ್ಕಳಿಲ್ಲದೆ ಗಿರಣಿ ನಡೆಯದು ಎಂಬ ಮಾತು ಪ್ರತಿ ಸಲವೂ ಕೇಳಿಬಂತು. ಪ್ರತಿ ಸಲವೂ ಗಿರಣಿ ನಡೆಯಿತು. ಮುಂದೆ ಒಂದು ದಿನ ಅವು ಮುಚ್ಚಿದ್ದಕ್ಕೆ ಬೇರೆ ಕಾರಣಗಳಿದ್ದವು.

ಆ ಕಾಲದ ಒಂದು ಆಕ್ಷೇಪ ಮಾತ್ರ ಇವತ್ತಿಗೂ ತಾಜಾ ಆಗಿದೆ. ಗಿರಣಿ ಮಕ್ಕಳ ಬಗ್ಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಕರುಣೆ ಲಂಕಾಶೈರಿನ ಕಾರ್ಖಾನೆ ಮಾಲೀಕರ ಹೊಟ್ಟೆಕಿಚ್ಚಿನಿಂದ ಬಂದದ್ದು, ಅಗ್ಗದ ಭಾರತೀಯ ನೂಲಿಗೆ ಹೆದರಿ ಅವರು ಈ ಕಾಯ್ದೆ ತರಿಸುತ್ತಿದ್ದಾರೆ ಎಂದು ಮುಂಬಯಿಯ ಮಾಲೀಕರೂ ಪತ್ರಿಕೆಗಳೂ ಹೇಳಿದವು. ಅದರಲ್ಲಿ ಸತ್ಯವಿತ್ತು. ಲಂಕಾಶೈರಿಗೆ ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವ್‌ನ ಹುಡುಗನ ಮೇಲೆ ಏಕಾಏಕಿ ಪ್ರೀತಿ ಉಕ್ಕಿರಲಿಲ್ಲ. ಆದರೂ ಕಾಯ್ದೆ ಬೇಕೆಂದವರ ಮನಸ್ಸು ಕಪ್ಪಾಗಿತ್ತು ಎಂದ ಮಾತ್ರಕ್ಕೆ ಏಳು ವರ್ಷದ ಮಗು ಯಂತ್ರದ ಪಕ್ಕ ನಿಲ್ಲುವುದು ಬಿಳಿಯಾಗುವುದಿಲ್ಲ. ದಹಿ ಹಂಡಿಯ ವಿಷಯದಲ್ಲೂ ‘ನಮ್ಮ ಹಬ್ಬದ ಮೇಲೇ ಯಾಕೆ ಕಣ್ಣು?’ ಎಂಬ ಪ್ರಶ್ನೆ ಹಾಗೆಯೇ ಬರುತ್ತದೆ. ಕೇಳುವವರಿಗೆ ಕೇಳುವ ಹಕ್ಕಿದೆ. ಉಳಿದ ಕಡೆಯೂ ಇದೇ ಅಳತೆ ಇಡಿ ಎಂದು ಒತ್ತಾಯಿಸುವುದು ನ್ಯಾಯವೇ. ಆದರೆ ಆ ಒತ್ತಾಯ ಎಲ್ಲ ಕಡೆ ಮಗುವನ್ನು ಕೆಳಗಿಳಿಸಬೇಕು ಎಂಬ ಕಡೆಗೆ ಹೋಗುತ್ತದೆಯೇ ಹೊರತು ಇಲ್ಲಿ ಹತ್ತಿಸಬಹುದು ಎಂಬ ಕಡೆಗಲ್ಲ.

ಈ ನಗರದ ಕನ್ನಡಿಗರಿಗೆ ಇದು ಹೊರಗಿನವರ ಜಗಳವಲ್ಲ. ಮಾಟುಂಗಾ, ಫೋರ್ಟ್, ಚೆಂಬೂರುಗಳ ಉಡುಪಿ ಹೋಟೆಲುಗಳಿಗೆ ಕರಾವಳಿಯಿಂದ ಬಂದ ಹುಡುಗರು ಟೇಬಲ್ ಒರೆಸಿ, ಮೋರಿಯಲ್ಲಿ ಪಾತ್ರೆ ತಿಕ್ಕಿ, ಅಂಗಡಿ ಮುಚ್ಚಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗಿದ ಕಾಲವೊಂದಿತ್ತು. ಊರಿನಲ್ಲಿ ಹೊಟ್ಟೆಗಿಲ್ಲದವನಿಗೆ ಇಲ್ಲಿ ಮೂರು ಹೊತ್ತು ಊಟ ಸಿಗುತ್ತಿತ್ತು, ಸಂಬಳದ ನಾಲ್ಕು ಕಾಸು ಊರಿಗೆ ಹೋಗುತ್ತಿತ್ತು. ಹೋಟೆಲು, ಢಾಬಾ, ಚಹಾ ಅಂಗಡಿಗಳಲ್ಲಿ, ಮನೆಗೆಲಸದಲ್ಲಿ 14ರೊಳಗಿನವರನ್ನು ಇಟ್ಟುಕೊಳ್ಳಕೂಡದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಹೋಟೆಲ್ ಮಾಲೀಕರಲ್ಲಿ ಅನೇಕರಿಗೆ ಅದು ಒಳಗೊಳಗೇ ಅನ್ಯಾಯ ಎನಿಸಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಅವರೇ ಆ ಮೋರಿಯಿಂದ ಗಲ್ಲಾದವರೆಗೆ ನಡೆದು ಬಂದವರು. ಕಾರ್ಕಳದಿಂದ 13ನೆಯ ವಯಸ್ಸಿಗೆ ಮನೆ ಬಿಟ್ಟು ಓಡಿ ಬಂದು ಮುಂಬಯಿಯ ಪಕ್ಕದ ಪನ್ವೇಲ್‌ನಲ್ಲಿ ಕ್ಯಾಂಟೀನಿನ ಪಾತ್ರೆ ತೊಳೆದ ಜಯರಾಮ ಬನಾನ್ ಮುಂದೆ ದಿಲ್ಲಿಯಲ್ಲಿ ‘ಸಾಗರ್ ರತ್ನ’ ಕಟ್ಟಿದರು. ಇಂಥ ಕತೆಗಳು ನಿಜ, ಹೆಮ್ಮೆಪಡುವಂಥವೂ ಹೌದು. ‘ಆ ಕಾನೂನು ಅಂದು ಇದ್ದಿದ್ದರೆ ಇವರೆಲ್ಲ ಊರಿನಲ್ಲೇ ಕೊಳೆಯುತ್ತಿದ್ದರು’ ಎನ್ನುವ ವಾದಕ್ಕೆ ಇವೇ ಆಧಾರ.

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. ಆದರೆ ಅದು ಗೆದ್ದವರನ್ನು ಮಾತ್ರ ಎಣಿಸುತ್ತದೆ. ಮೋರಿಯಿಂದ ಗಲ್ಲಾಕ್ಕೆ ಬಂದವನ ಹೆಸರು ಬೋರ್ಡಿನ ಮೇಲಿದೆ; ಅದೇ ಮೋರಿಯಲ್ಲಿ ಇಪ್ಪತ್ತು ವರ್ಷ ಕಳೆದು ಊರಿಗೆ ಮರಳಿದವನ ಹೆಸರು ಎಲ್ಲೂ ಇಲ್ಲ. ಅದಕ್ಕಿಂತ ಮುಖ್ಯವಾದ ಸಾಕ್ಷಿಯೊಂದನ್ನು ಈ ಸಮುದಾಯವೇ ಬಿಟ್ಟುಹೋಗಿದೆ: ರಾತ್ರಿ ಶಾಲೆಗಳು. ಮೊಗವೀರರು ನಡೆಸಿದ ಉಚಿತ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆ, ಇನ್ನೂ ಹಲವು ಕನ್ನಡ ಸಂಸ್ಥೆಗಳು ತೆರೆದ ರಾತ್ರಿ ತರಗತಿಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ನಿದ್ದೆಗಣ್ಣಿನಲ್ಲೇ ಪಾಠ ಕಲಿತರು. ಕೂಲಿಯ ಜೊತೆ ಅನ್ನ ಕೊಟ್ಟರೆ ಲೆಕ್ಕ ಚುಕ್ತಾ ಎಂದು ಹಿರಿಯರು ಭಾವಿಸಿದ್ದರೆ ಈ ಶಾಲೆಗಳು ಹುಟ್ಟುತ್ತಲೇ ಇರಲಿಲ್ಲ. ಹುಡುಗನ ಹಗಲನ್ನು ತಾವು ತೆಗೆದುಕೊಂಡಿದ್ದೇವೆ, ಅದಕ್ಕೆ ಬದಲಾಗಿ ರಾತ್ರಿಯನ್ನಾದರೂ ಕೊಡಬೇಕು ಎಂದು ಕಾನೂನು ಹೇಳುವುದಕ್ಕೆ ಬಹಳ ಮುಂಚೆಯೇ ಅವರಿಗೆ ಅನಿಸಿತ್ತು. 2006ರ ನಿಷೇಧ ಆ ಅರಿವನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಿತು. ಅದು ದಂಡ ಹಾಕಿದ್ದು ಕೆಲಸಕ್ಕಿಟ್ಟುಕೊಂಡವನಿಗೆ, ಹುಡುಗನಿಗಲ್ಲ. 2016ರ ತಿದ್ದುಪಡಿ ಆ ಶಿಕ್ಷೆಯನ್ನು ಆರು ತಿಂಗಳಿಂದ ಎರಡು ವರ್ಷದ ಸೆರೆ, 20,000ದಿಂದ 50,000 ರೂಪಾಯಿ ದಂಡಕ್ಕೆ ಏರಿಸಿತು. ಆದರೆ ಅದೇ ತಿದ್ದುಪಡಿ, ಶಾಲೆಯ ವೇಳೆ ಬಿಟ್ಟು ಮಕ್ಕಳು ಕುಟುಂಬದ ಉದ್ದಿಮೆಯಲ್ಲಿ ನೆರವಾಗಬಹುದು ಎಂದು ಹಿಂಬಾಗಿಲನ್ನೂ ತೆರೆಯಿತು. ಯಾರ ಅಣ್ಣನ ಮಗ, ಯಾರ ಭಾವನ ತಮ್ಮ ಎಂದು ತಪಾಸಣೆಗೆ ಬಂದ ಅಧಿಕಾರಿ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ವಂಶಾವಳಿ ಬಿಡಿಸಬೇಕು.

ಸಂಪ್ರದಾಯದ ಮಾತಿಗೆ ಬರೋಣ. ಕೃಷ್ಣ ಗೋಪಾಲರ ಹೆಗಲೇರಿ ಬೆಣ್ಣೆ ಕದ್ದ, ಆದ್ದರಿಂದ ತುದಿಯಲ್ಲಿ ಬಾಲಕನಿಲ್ಲದ ಹಂಡಿ ಹಂಡಿಯೇ ಅಲ್ಲ ಎನ್ನುತ್ತಾರೆ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ ಇದೇ ಕೃಷ್ಣನ ಹೆಸರಿನಲ್ಲಿ ಮೊಸರು ಕುಡಿಕೆಗಳನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುತ್ತಾರೆ. ಯಾವ ಮಗುವೂ ಆಕಾಶಕ್ಕೆ ಏರಬೇಕಾಗಿಲ್ಲ, ಕೃಷ್ಣನೂ ಮುನಿಸಿಕೊಂಡಿಲ್ಲ. ಮುಂಬಯಿಯಲ್ಲಿಯೂ ಒಂಬತ್ತು ಥರ ಪುರಾಣದಿಂದ ಬಂದದ್ದಲ್ಲ. ಚಾಳಿನ ಅಂಗಳದ ಹಬ್ಬವನ್ನು ರಾಜಕೀಯ ಪುಢಾರಿಗಳು ರಸ್ತೆಗೆ ತಂದು, ಥರಕ್ಕಿಷ್ಟು ಎಂದು ಲಕ್ಷಗಳಲ್ಲಿ ಬಹುಮಾನ ಸಾರತೊಡಗಿದ ಮೇಲೆ ಗೋಪುರ ಬೆಳೆಯಿತು. ಗಡಿಗೆ ಒಡೆಯದಿದ್ದರೂ ಸರಿ, ಏಳೋ ಎಂಟೋ ಥರ ಕಟ್ಟಿ ವೇದಿಕೆಗೆ ಸಲಾಮಿ ಕೊಟ್ಟು ಇಳಿದರೆ ಹಣ. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ತಂಡ ಠಾಣೆಯಲ್ಲಿ 43.79 ಅಡಿಯ ಗೋಪುರ ಕಟ್ಟಿ ಗಿನ್ನೆಸ್ ದಾಖಲೆ ಬರೆಯಿತು. ಅದು ಅಪ್ರತಿಮ ದೇಹಸಾಧನೆ, ಎರಡು ಮಾತಿಲ್ಲ. ಆದರೆ ಗಿನ್ನೆಸ್ ಪುಸ್ತಕವನ್ನು ಸನಾತನ ಸಂಪ್ರದಾಯದ ಗ್ರಂಥಗಳ ಸಾಲಿಗೆ ಸೇರಿಸುವುದು ಸ್ವಲ್ಪ ಕಷ್ಟ.

ಸ್ಪೇನಿನ ಕ್ಯಾಟಲೋನಿಯಾದಲ್ಲಿಯೂ ಮಾನವ ಗೋಪುರ ಕಟ್ಟುತ್ತಾರಲ್ಲ, ಅಲ್ಲಿಯೂ ತುದಿಗೆ ಪುಟ್ಟ ಮಕ್ಕಳೇ ಏರುತ್ತಾರಲ್ಲ, ಯುನೆಸ್ಕೋ 2010ರಲ್ಲಿ ಅದನ್ನು ಪರಂಪರೆ ಎಂದು ಗೌರವಿಸಿದೆಯಲ್ಲ ಎಂದು ಮಂಡಲಗಳ ಪರವಾಗಿ ಹೇಳಬಹುದು. ಅವರ ಪರವಾದ ವಾದಗಳಲ್ಲಿ ಇದು ಅತ್ಯಂತ ಬಲವಾದದ್ದು. ಅಲ್ಲಿಯೂ 2006ರಲ್ಲಿ ಬಾಲಕಿಯೊಬ್ಬಳು ಬಿದ್ದು ಸತ್ತಳು. ಆಮೇಲೆ ಮೇಲಿನ ಮಕ್ಕಳಿಗೆ ಹೆಲ್ಮೆಟ್ ಬಂತು. ಅಲ್ಲಿನ ತಂಡಗಳು ವರ್ಷವಿಡೀ ಅಭ್ಯಾಸ ಮಾಡುವ ಊರ ಸಂಘಗಳು, ಬುಡದಲ್ಲಿ ನೂರಾರು ಜನ ದಟ್ಟವಾಗಿ ನಿಂತು ಬೀಳುವವರಿಗೆ ಮೆತ್ತೆಯಾಗುತ್ತಾರೆ. ಆದರೆ ಇವೆಲ್ಲ ಅಪಾಯವನ್ನು ತಗ್ಗಿಸಿದವೇ ಹೊರತು ಮಗುವನ್ನು ಯಾಕೆ ಆಯ್ದರು ಎಂಬ ಪ್ರಶ್ನೆಗೆ ಉತ್ತರವಾಗಲಿಲ್ಲ. ಯುರೋಪಿನಲ್ಲಿ ಉಳಿದುಕೊಂಡ ರೂಢಿ ಎಂಬುದೇ ಒಂದು ಸರ್ಟಿಫಿಕೇಟ್ ಆಗಬೇಕಿಲ್ಲ. ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಉದಾಹರಣೆ ಕೊಲ್ಲಿ ದೇಶಗಳ ಒಂಟೆ ಓಟ. ಒಂಟೆಯ ಮೇಲೆ ಭಾರ ಕಡಿಮೆಯಾದಷ್ಟೂ ಓಟ ಜೋರು. ಅದಕ್ಕಾಗಿ ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್‌ಗಳಿಂದ ಪುಟ್ಟ ಹುಡುಗರನ್ನು ತಂದು ಕೂರಿಸುತ್ತಿದ್ದರು. ಅರಬ್ ಸಂಯುಕ್ತ ಸಂಸ್ಥಾನ 2005ರಲ್ಲಿ 18ರೊಳಗಿನವರನ್ನು ಕೂರಿಸುವುದನ್ನು ಕಾನೂನಿನಿಂದ ನಿಷೇಧಿಸಿತು, ಮಕ್ಕಳನ್ನು ಯುನಿಸೆಫ್ ನೆರವಿನಿಂದ ಊರಿಗೆ ಕಳಿಸಿದರು. ಓಟ ನಿಂತಿತೇ? ಒಂಟೆಯ ಬೆನ್ನಿಗೆ ಚಾವಟಿ ಬೀಸುವ ಪುಟ್ಟ ರೋಬೋಟನ್ನು ಕಟ್ಟಿದರು, ಓಟ ಮುಂದುವರಿಯಿತು. ಅಲ್ಲಿ ಮಗುವಿನಿಂದ ಬೇಕಾಗಿದ್ದದ್ದು ಅದರ ತೂಕದ ಕೊರತೆ ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕಿಲ್ಲ.

ತಾಯಿತಂದೆ ಒಪ್ಪಿದ್ದಾರೆ, ಮಗುವೂ ಕುಣಿದು ಕುಪ್ಪಳಿಸಿ ಒಪ್ಪಿದೆ, ನಡುವೆ ಕೋರ್ಟಿಗೇನು ಕೆಲಸ? ಒಪ್ಪಿಗೆಯ ಈ ಮಾತು ಗಿರಣಿಯಲ್ಲೂ ಇತ್ತು, ಹೋಟೆಲಿನಲ್ಲೂ ಇತ್ತು. ಹೆತ್ತವರ ಪ್ರೀತಿಯನ್ನು ಅನುಮಾನಿಸದೆಯೇ ಒಂದು ಮಾತು ಹೇಳಬಹುದು: ಚಾಳಿನಲ್ಲಿ, ಝೋಪಡಪಟ್ಟಿಯಲ್ಲಿ ಮಂಡಲ ಎಂದರೆ ಬರೀ ಹಬ್ಬದ ಸಮಿತಿಯಲ್ಲ. ಆಸ್ಪತ್ರೆಗೆ ಚೀಟಿ, ಶಾಲೆಗೆ ಸೀಟು, ನಲ್ಲಿ ನೀರಿನ ದೂರು, ಎಲ್ಲಕ್ಕೂ ಅದೇ ಮಂಡಲದ ಹುಡುಗರನ್ನು, ಅವರ ಹಿಂದಿರುವ ನಗರಸೇವಕನನ್ನು ಹಿಡಿಯಬೇಕು. ಅವರು ‘ನಿಮ್ಮ ಮಗನನ್ನು ಕಳಿಸಿ’ ಎಂದಾಗ ‘ಬೇಡ’ ಎನ್ನುವ ತಂದೆಯ ಗಂಟಲಿಗೆ ಕಾನೂನಿನ ಬೆಂಬಲ ಬೇಕು. ‘ಕಳಿಸುತ್ತಿದ್ದೆ ಸ್ವಾಮಿ, ಆದರೆ ವಯಸ್ಸು ಸಾಲದು, ಪೊಲೀಸ್ ಕೇಸಾಗುತ್ತದೆ’ ಎಂದು ಮುಖ ಕೆಡಿಸಿಕೊಳ್ಳದೆ ಜಾರಿಕೊಳ್ಳಲು ಒಂದು ಅಂಕಿ ಬೇಕು. ನಿಗದಿತ ವಯಸ್ಸಿನ ಈ ಉಪಯೋಗವನ್ನು ಕಾನೂನಿನ ಪುಸ್ತಕಗಳು ಹೇಳುವುದಿಲ್ಲ. 13 ವರ್ಷ 11 ತಿಂಗಳಿಗೂ 14ಕ್ಕೂ ಮಗುವಿನಲ್ಲಿ ಏನು ವ್ಯತ್ಯಾಸ ಎಂದು ಕೇಳುವವರಿಗೂ ಇದೇ ಉತ್ತರ: ವ್ಯತ್ಯಾಸ ಮಗುವಿನಲ್ಲಿಲ್ಲ, ಚೌಕಾಸಿ ಮಾಡಲು ಬಂದವನ ಮುಂದೆ ನಿಂತವನ ಬಲದಲ್ಲಿದೆ. ಒಂದೊಂದು ಮಗುವಿನ ಪ್ರೌಢಿಮೆಯನ್ನು ಬಿಡಿಬಿಡಿಯಾಗಿ ತೂಗುವ ವ್ಯವಸ್ಥೆ ಕಾಗದದ ಮೇಲೆ ಸೊಗಸು. ತಕ್ಕಡಿ ಹಿಡಿಯುವವನು ಮಂಡಲದ ಅಧ್ಯಕ್ಷನೇ ಆಗಿರುತ್ತಾನೆ.

ವಯೋಮಿತಿಗಳೆಲ್ಲ ಒಳ್ಳೆಯವು, ಹೆಚ್ಚಾದಷ್ಟೂ ಒಳ್ಳೆಯವು ಎಂದು ಇದರಿಂದ ಹೊರಡುವುದಿಲ್ಲ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ ರಮ್ಮುಗಳಿಗೆ 25. ಶಾಸಕನಾಗಲು ಸಂವಿಧಾನ ಕೇಳುವ ವಯಸ್ಸೂ ಅದೇ 25. ಶಾಸನ ಬರೆಯುವುದಕ್ಕೂ ಒಂದು ಪೆಗ್ ಕುಡಿಯುವುದಕ್ಕೂ ಒಂದೇ ಪ್ರೌಢಿಮೆ ಬೇಕೆಂದು ನಮ್ಮ ರಾಜ್ಯ ನಂಬಿದೆ! ನಗರದಲ್ಲಿ ಈ ಮಿತಿಯನ್ನು ಗಂಭೀರವಾಗಿ ಕೇಳುವ ಬಾರು ಅಪರೂಪ. 2024ರಲ್ಲಿ ವರಳಿಯಲ್ಲಿ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತ ಮೇಲೆ, ಆರೋಪಿ ತರುಣನಿಗೆ 25 ತುಂಬಿರಲಿಲ್ಲ ಎಂಬುದು ಅಬಕಾರಿ ಇಲಾಖೆಗೆ ನೆನಪಾಗಿ ಜುಹೂವಿನ ಬಾರಿನ ಮೇಲೆ ಕ್ರಮವಾಯಿತು. ಯಾರೂ ನಂಬದ ಮಿತಿ ಹೀಗೆ ಅಪಘಾತವಾದ ಮೇಲೆ ಮಾತ್ರ ಎಚ್ಚರಗೊಳ್ಳುತ್ತದೆ. ಹಾಗೆಯೇ ಹದಿಹರೆಯದವರ ಪರಸ್ಪರ ಪ್ರೇಮವನ್ನೂ ಅಪರಾಧದ ಬಲೆಗೆ ತರುವ ಪೋಕ್ಸೋ ಕಾಯ್ದೆಯ 18ರ ಗೆರೆಯ ಬಗ್ಗೆ ಹೈಕೋರ್ಟುಗಳೇ ಕಳವಳ ಹೇಳಿವೆ. ಅಲ್ಲಿ ಚಿಕ್ಕತನಕ್ಕೆ ಬೆಲೆ ಕಟ್ಟಿದ ದೊಡ್ಡವನೇ ಇಲ್ಲದಾಗ ಕಾಯ್ದೆ ಯಾರ ಕೈಕಟ್ಟುತ್ತಿದೆ ಎಂದು ಕೇಳಲೇಬೇಕು. ಅದು ಬೇರೆಯೇ ಲೇಖನದ ವಸ್ತು.

ಕೈಕಟ್ಟುವ ಕಾನೂನು ಹೇಗಿರಬೇಕು ಎಂಬುದಕ್ಕೆ ಮಾದರಿ ಹುಡುಕಿ ದೂರ ಹೋಗಬೇಕಾಗಿಲ್ಲ. ಗೋರೆಗಾಂವ್ ಫಿಲ್ಮ್ ಸಿಟಿಯ ಧಾರಾವಾಹಿ ಸೆಟ್ಟುಗಳಿಗೆ ಅನ್ವಯಿಸುವ 2017ರ ನಿಯಮಗಳನ್ನು ನೋಡಿ. ಬಾಲನಟ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಕೂಡದು, ಬಿಡುವಿಲ್ಲದೆ ಮೂರು ಗಂಟೆ ಮೀರಕೂಡದು, ಸತತ 27 ದಿನಕ್ಕಿಂತ ಹೆಚ್ಚು ಬರಕೂಡದು. ನಿರ್ಮಾಪಕ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮುಚ್ಚಳಿಕೆ ಬರೆದುಕೊಡಬೇಕು. ಐದು ಮಕ್ಕಳಿಗೆ ಒಬ್ಬನಂತೆ ಹೊಣೆಗಾರನನ್ನು ನೇಮಿಸಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇಕಡಾ 20 ಪಾಲು ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು; ಎಂದರೆ ಅಪ್ಪ ಅಮ್ಮನ ಕೈಯನ್ನೂ ಸ್ವಲ್ಪ ಕಟ್ಟಿದ್ದಾರೆ. ಇವೆಲ್ಲ ಪಾಲನೆಯಾಗುತ್ತಿವೆ ಎಂದು ಯಾರೂ ಆಣೆ ಮಾಡಲಾರರು. ಆದರೂ ತಪ್ಪಾದಾಗ ಯಾರನ್ನು ಕೇಳಬೇಕು ಎಂದು ಗೊತ್ತಿದೆ. ಮೋಟಾರು ವಾಹನ ಕಾಯ್ದೆ 2019ರಲ್ಲಿ ಇದಕ್ಕಿಂತ ಖಾರವಾಯಿತು: ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ, ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ತನಗೆ ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಭಾರವೂ ಅವನ ಮೇಲೆಯೇ.

ದಹಿ ಹಂಡಿಯಲ್ಲಿ ಇರುವುದು ಕೋರ್ಟಿಗೆ ಸರ್ಕಾರ ಕೊಟ್ಟ ಒಂದು ಮಾತು. ಹಬ್ಬದ ದಿನ ದೊಡ್ಡ ವೇದಿಕೆಗಳ ಮುಂದೆ ಪೊಲೀಸರಿರುತ್ತಾರೆ, ಟಿವಿಯವರಿರುತ್ತಾರೆ, ಮೇಲಿನವರ ಸೊಂಟಕ್ಕೆ ಕ್ರೇನಿನಿಂದ ಇಳಿಬಿಟ್ಟ ಹಗ್ಗವಿರುತ್ತದೆ. ಆದರೆ ಅಭ್ಯಾಸ ಗುರುಪೂರ್ಣಿಮೆಯ ಹೊತ್ತಿಗೇ ಶುರು. ಕೆಲಸ ಮುಗಿಸಿ ಬಂದವರು ರಾತ್ರಿ ಗಲ್ಲಿಯಲ್ಲಿ, ಮೈದಾನದ ಮೂಲೆಯಲ್ಲಿ, ಮಳೆಗೆ ಜಾರುವ ನೆಲದ ಮೇಲೆ ಥರ ಕಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಾರೆ. 2025ರ ಆಗಸ್ಟ್‌ನಲ್ಲಿ ದಹಿಸರ್‌ನಲ್ಲಿ 11 ವರ್ಷದ ಬಾಲಕ ಬಿದ್ದು ಸತ್ತದ್ದು ಅಂಥ ಅಭ್ಯಾಸದಲ್ಲಿ. 14ರ ಮಿತಿಯನ್ನು ಕೋರ್ಟ್ ದಾಖಲಿಸಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಆ ಮಿತಿ ತನಗೆ ಅನ್ವಯಿಸುತ್ತದೆ ಎಂದು ಆ ಹುಡುಗನಿಗೆ ತಿಳಿದಿರಬೇಕಾಗಿರಲಿಲ್ಲ. ತಿಳಿದಿರಬೇಕಾದವರು ಅವನ ಕೆಳಗೆ ನಿಂತಿದ್ದರು. ಕೆಲವೇ ದಿನಗಳಲ್ಲಿ ಹಬ್ಬ ಬಂತು, ಠಾಣೆಯಲ್ಲಿ ಹತ್ತು ಥರದ ಹೊಸ ದಾಖಲೆಯಾಯಿತು, ಅಭಿನಂದನೆಗಳ ಮಳೆ ಸುರಿಯಿತು.

ಈ ವ್ಯವಸ್ಥೆಯನ್ನು ಸರಿಪಡಿಸಲು ಹೊಸ ಆಯೋಗ ಬೇಕಾಗಿಲ್ಲ. ಗೋವಿಂದರಿಗೆ, ಎಂದರೆ ಗೋಪುರ ಕಟ್ಟುವವರಿಗೆ, ಸರ್ಕಾರವೇ ವಿಮೆ ಮಾಡಿಸುತ್ತಿದೆ, ಸತ್ತರೆ 10 ಲಕ್ಷ. ವಿಮೆಗೆ ತಂಡಗಳು ಹೆಸರುಗಳ ಪಟ್ಟಿ ಕೊಡಲೇಬೇಕು. ಅದೇ ಪಟ್ಟಿ ಹಬ್ಬದ ಮುನ್ನಾದಿನ ಬರುವ ಬದಲು ಗುರುಪೂರ್ಣಿಮೆಗೇ ಪೊಲೀಸ್ ಠಾಣೆಗೆ ಬರಲಿ, ಮೇಲಿನ ಮೂರು ಥರದವರ ಜನ್ಮದಿನಾಂಕ ಆಧಾರ್ ಪ್ರತಿಯ ಜೊತೆ ಇರಲಿ, ತಂಡದ ತರಬೇತುದಾರ ಹೆಸರು ಹಾಕಿ ಸಹಿ ಮಾಡಲಿ. ಮಿತಿ 14 ಇರಬೇಕೋ 18ಕ್ಕೆ ಮರಳಬೇಕೋ ಎಂಬುದು ಇದಾದ ಮೇಲಿನ ಚರ್ಚೆ. ನನ್ನ ಮಟ್ಟಿಗೆ, ಎತ್ತರಕ್ಕೆ ಮಿತಿಯೇ ಇಲ್ಲದ ಮೇಲೆ 18 ಸರಿ. ತುದಿಯಲ್ಲಿ ವಯಸ್ಕರೇ ನಿಲ್ಲಬೇಕಾದರೆ ಗೋಪುರ ಒಂದೆರಡು ಥರ ಕುಗ್ಗುತ್ತದೆ, ಅಷ್ಟೇ. ಸಪೂರ ಮೈಯ ತರುಣ ತರುಣಿಯರಿಗೆ ಈ ನಗರದಲ್ಲಿ ಬರವಿಲ್ಲ. ಹೆಣ್ಣುಮಕ್ಕಳ ಗೋವಿಂದ ತಂಡಗಳು ಈಗಾಗಲೇ ಬೀದಿಗಿಳಿದಿವೆ. ಇನ್ನು ಬಹುಮಾನ ಸಾರುವ ಪುಢಾರಿಯ ಹೊಣೆ. ವೇದಿಕೆಯ ಮುಂದೆ ಏರಿದ ಮಗುವಿನ ವಯಸ್ಸು ಸುಳ್ಳೆಂದು ತಿಳಿದರೆ ಕೇಸು ತಂಡದ ಮೇಲೆ ಮಾತ್ರ ಬೀಳದೆ ಹಣ ಕೊಟ್ಟ ಆಯೋಜಕನ ಮೇಲೂ ಬೀಳಬೇಕು, ಮುಂದಿನ ವರ್ಷ ಅವನ ಹಂಡಿಗೆ ಪರವಾನಗಿ ಸಿಗಬಾರದು. ಹಾಗಾದ ದಿನ ಜನ್ಮದಾಖಲೆ ಕೇಳಲು ಪೊಲೀಸರು ಓಡಾಡಬೇಕಾಗಿಲ್ಲ. ಚೆಕ್ಕಿಗೆ ಸಹಿ ಹಾಕುವ ಮೊದಲು ಆಯೋಜಕನ ಗುಮಾಸ್ತನೇ ಕೇಳುತ್ತಾನೆ.